ಹನ್ನೆರಡು ಬಂಡೆಗಳ ಹತ್ತಿರವೇ ಗಾಡಿ ತಿರುಗಿಸಬೇಡಿ

ಪ್ರಶ್ನೆ: ಅಕ್ಟೋಬರ್ ಮೊದಲ ವಾರ ನಾನು ಮತ್ತು ನನ್ನ ಹೆಂಡತಿ ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಗ್ರೇಟ್ ಓಷನ್ ರೋಡ್ ನೋಡೋಕೆ ಒಂದು ದಿನದ ಬಸ್ ಟೂರ್ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕಾಂಗರೂ, ಕೋಲಾಗಳನ್ನು ಪಂಜರದ ಹೊರಗೆ ನೋಡುವ ಆಸೆ. ಅಲ್ಲಿನ ಮೂಲನಿವಾಸಿಗಳ ಸಂಸ್ಕೃತಿಯನ್ನೂ ತಿಳಿಯಬೇಕು, ಅವರ ನೃತ್ಯ ಪ್ರದರ್ಶನ ಎಲ್ಲಿ ಸಿಗುತ್ತದೆ? ಕಾರಿನಲ್ಲಾದರೆ ಎಷ್ಟು ದಿನ ಬೇಕು? ನಮಗಿಬ್ಬರಿಗೂ ಅರವತ್ತು ದಾಟಿದೆ, ಸಸ್ಯಾಹಾರಿಗಳು.
— ಶಿವಮೊಗ್ಗದ ಓದುಗರೊಬ್ಬರು

ಉತ್ತರ: ಮೂರು ರಾತ್ರಿ, ನಾಲ್ಕು ಹಗಲು ಬೇಕು. ಅದಕ್ಕಿಂತ ಕಡಿಮೆ ಮಾಡಬೇಡಿ. ಬಸ್ಸು ಬೆಳಿಗ್ಗೆ ಕರೆದುಕೊಂಡು ಹೋಗಿ ರಾತ್ರಿ ತಂದು ಬಿಡುತ್ತದೆ ನಿಜ, ಆದರೆ ಆ ದಿನದ ಬಹುಪಾಲು ನೀವು ಕಿಟಕಿಯ ಪಕ್ಕ ಕೂತೇ ಕಳೆಯುತ್ತೀರಿ. ಟ್ವೆಲ್ವ್ ಅಪಾಸಲ್ಸ್ ಎಂಬ ಕಡಲಿನ ಬಂಡೆಗಳ ಮುಂದೆ ಒಂದು ಫೋಟೊ, ಆಮೇಲೆ ವಾಪಸ್. ನೀವು ಕೇಳಿದ ಎರಡು ವಿಷಯಗಳು, ಬಿಡುಬೀಸಾಗಿರುವ ಪ್ರಾಣಿಗಳು ಮತ್ತು ಆ ನೆಲದ ಜನ, ಬಸ್ಸು ತಿರುಗುವ ಜಾಗದಿಂದ ಆಚೆಗೇ ಹೆಚ್ಚು ಸಿಗುತ್ತವೆ. ಇಲ್ಲಿಗೆ ಬರುವ ನಮ್ಮೂರಿನ ಅಪ್ಪ ಅಮ್ಮಂದಿರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಪಶ್ಚಿಮಕ್ಕೆ ಇನ್ನೂ ನೂರೈವತ್ತು ಕಿಲೋಮೀಟರ್ ಹೋಗಿ.

ಮೊದಲು ರಸ್ತೆಯ ವಿಷಯ. ಟಾರ್ಕಿಯಿಂದ ಅಲನ್ಸ್‌ಫರ್ಡ್‌ವರೆಗೆ ಇದು ಸುಮಾರು 240 ಕಿ.ಮೀ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಬಂಡೆ ಕಡಿದು ಮಾಡಿದ ದಾರಿ. ಯುದ್ಧದಲ್ಲಿ ಸತ್ತ ಜೊತೆಗಾರರ ನೆನಪಿಗೆ ಅರ್ಪಿಸಿದ ರಸ್ತೆ ಎಂದು ದಾರಿಗೆ ಅಡ್ಡಲಾಗಿ ನಿಂತ ಮರದ ಕಮಾನು ಹೇಳುತ್ತದೆ. ಈ ಸೈನಿಕರ ಸಂಗತಿ ನೆನಪಿನಲ್ಲಿರಲಿ, ನಾಲ್ಕನೇ ದಿನ ಬೇಕಾಗುತ್ತದೆ.

ಈ ಕರಾವಳಿ ಒಂದೇ ಜನರದ್ದಲ್ಲ. ಟಾರ್ಕಿಯ ಸುತ್ತ ವಡವುರುಂಗ್ ಜನರ ನೆಲ. ಓಟ್ವೇ ಬೆಟ್ಟಗಳು ಗಡುಬನುಡ್ ಜನರವು. ಅಲ್ಲಿಂದ ವಾರ್ನಂಬೂಲ್ ಕಡೆಗೆ ಈಸ್ಟರ್ನ್ ಮಾರ್ ಸಮುದಾಯ, 2023ರಲ್ಲಿ ಫೆಡರಲ್ ಕೋರ್ಟ್ ಅವರ ಭೂಹಕ್ಕನ್ನು ಒಪ್ಪಿಕೊಂಡಿತು. ಅದಕ್ಕೂ ಪಶ್ಚಿಮಕ್ಕೆ ಗುಂಡಿಜ್‌ಮಾರ ಜನ. ಭೇಟಿಯಾದಾಗ ಬರೀ ‘ಆದಿವಾಸಿಗಳು’ ಎನ್ನುವುದರ ಬದಲು ಈ ಹೆಸರುಗಳನ್ನು ಹೇಳಿ. ತಮ್ಮ ಹೆಸರು ಹಿಡಿದು ಕರೆದಾಗ ಅವರ ಮುಖ ಅರಳುವುದನ್ನು ನಾನು ಹಲವು ಸಲ ನೋಡಿದ್ದೇನೆ.

ಮೊದಲ ದಿನ ಅಪೊಲೊ ಬೇವರೆಗೆ ಸಾಕು. ದಾರಿಯಲ್ಲಿ ಕೆನೆಟ್ ರಿವರ್ ಎಂಬ ಪುಟ್ಟ ಊರು. ಅಲ್ಲಿ ಗ್ರೇ ರಿವರ್ ರಸ್ತೆಯಲ್ಲಿ ಸ್ವಲ್ಪ ಮೇಲಕ್ಕೆ ನಡೆದು ಹೋಗಿ, ತಲೆ ಎತ್ತಿ, ಮರದ ಕವಲುಗಳನ್ನೇ ನೋಡುತ್ತಾ ಬನ್ನಿ. ಎಲೆಯ ನಡುವೆ ಎಳೆ ಹಲಸಿನಕಾಯಿ ಸಿಕ್ಕಿಕೊಂಡ ಹಾಗೆ ಬೂದು ಬಣ್ಣದ ಗಂಟೊಂದು ಕಂಡರೆ ಅದೇ ಕೋಲಾ. ದಿನದ ಇಪ್ಪತ್ತು ಗಂಟೆಯಷ್ಟು ಅದು ನಿದ್ದೆಯಲ್ಲೇ ಇರುತ್ತದೆ. ಎಬ್ಬಿಸಲು ಮರ ಅಲ್ಲಾಡಿಸುವವರನ್ನು, ಚಪ್ಪಾಳೆ ತಟ್ಟುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ನೀಲಗಿರಿ ಎಲೆಯಲ್ಲಿ ಸತ್ವ ಕಡಿಮೆ, ವಿಷದ ಅಂಶ ಹೆಚ್ಚು. ಅದನ್ನು ಜೀರ್ಣಿಸಿಕೊಳ್ಳುವುದಕ್ಕೇ ಅದರ ಶಕ್ತಿಯೆಲ್ಲ ಹೋಗುತ್ತದೆ, ನಿದ್ದೆ ಅದಕ್ಕೆ ಬೇಕೇಬೇಕು. ಅಕ್ಟೋಬರ್ ಅವುಗಳ ಬೆದೆಯ ಕಾಲ. ಸಂಜೆ ಹೊತ್ತು ಕಾಡಿನೊಳಗಿಂದ ಹಂದಿ ಗುರುಗುಟ್ಟಿದಂತೆ, ಹಳೆಯ ಬೈಕ್ ಕಿಕ್ ಮಾಡಿದಂತೆ ಸದ್ದು ಬಂದರೆ ಹೆದರಬೇಡಿ. ಅಷ್ಟು ಪುಟ್ಟ ಪ್ರಾಣಿಯ ಗಂಡು ಕೂಗುವುದು ಹಾಗೆ.

ಊಟಿಯ ಗುಡ್ಡಗಳನ್ನು ತುಂಬಿದ ಬ್ಲೂ ಗಮ್ ನೀಲಗಿರಿಯನ್ನು ನೀವು ಕಂಡೇ ಇರುತ್ತೀರಿ. ಅದರ ತವರು ಟಾಸ್ಮೇನಿಯಾ ಮತ್ತು ಈ ಓಟ್ವೇ ಸೀಮೆ. ನಮ್ಮಲ್ಲಿ ನೆಲದ ನೀರು ಹೀರುವ ಮರ ಎಂದು ಬೈಸಿಕೊಳ್ಳುವ ಕುಲ, ಇಲ್ಲಿ ಜರೀಗಿಡ, ತೊರೆ, ಹಕ್ಕಿಗಳ ನಡುವೆ ತನ್ನ ಮನೆಯಲ್ಲಿ ನಿಂತಿರುವುದನ್ನು ಒಮ್ಮೆ ನೋಡಬೇಕು. ಮಾರನೇ ಬೆಳಿಗ್ಗೆ ಕೇಪ್ ಓಟ್ವೇ ದೀಪಸ್ತಂಭದ ಕಡೆಗೆ ತಿರುಗಿದರೆ ಇದೇ ಕುಲದ ಮ್ಯಾನಾ ಗಮ್ ಮರಗಳು ಸಿಗುತ್ತವೆ, ಕೆಲವು ಒಣಗಿ ಬಿಳಿಯ ಅಸ್ಥಿಪಂಜರದಂತೆ ನಿಂತಿವೆ. 1980ರ ದಶಕದಲ್ಲಿ ಬೇರೆ ಕಡೆಯಿಂದ ತಂದು ಬಿಟ್ಟ ಕೋಲಾಗಳು ಇಲ್ಲಿ ಬೆಳೆದು ಬೆಳೆದು ತಮ್ಮ ಆಹಾರದ ಮರಗಳನ್ನೇ ಬೋಳು ಮಾಡಿದವು. 2013-14ರಲ್ಲಿ ಹಸಿವಿನಿಂದ ಸಾಯುತ್ತಿದ್ದ ಸುಮಾರು 700 ಕೋಲಾಗಳಿಗೆ ಸರ್ಕಾರವೇ ದಯಾಮರಣ ಕೊಡಬೇಕಾಯಿತು. ಗೊಂಬೆಯಂತೆ ಕಾಣುವ ಪ್ರಾಣಿಯ ಹಿಂದೆ ಇಂಥದ್ದೊಂದು ಕಥೆಯೂ ಇದೆ ಎನ್ನುವುದು ಗೊತ್ತಿರಲಿ. ಮ್ಯಾನಾ ಗಮ್ ಹೆಸರನ್ನೂ ಮರೆಯಬೇಡಿ.

ಟ್ವೆಲ್ವ್ ಅಪಾಸಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚಿತ್ರಗಳನ್ನು ನೋಡಿದ್ದೀರಿ. ಹೆಸರಿಗೆ ಹನ್ನೆರಡಾದರೂ ಅಲ್ಲಿ ಹನ್ನೆರಡು ಬಂಡೆ ಎಂದೂ ಇರಲಿಲ್ಲ. 2005ರ ಜುಲೈಯಲ್ಲಿ ಒಂದು ನೋಡುತ್ತಿದ್ದವರ ಕಣ್ಣೆದುರೇ ಕುಸಿದು ಬಿತ್ತು. ಸುಣ್ಣಕಲ್ಲನ್ನು ಸಮುದ್ರ ಇನ್ನೂ ತಿನ್ನುತ್ತಲೇ ಇದೆ. ಬಿಸಿಲು ಇಳಿಯುವ ಹೊತ್ತಿಗೆ ಹೋಗಿ, ಬಸ್ಸುಗಳು ಹೊರಟಿರುತ್ತವೆ. ಪೋರ್ಟ್ ಕ್ಯಾಂಬೆಲ್‌ನಲ್ಲಿ ಮಲಗಿ.

ಮೂರನೇ ದಿನ ಬೆಳಿಗ್ಗೆ ವಾರ್ನಂಬೂಲ್. ಲೋಗನ್ಸ್ ಬೀಚ್‌ನ ಮರದ ಅಟ್ಟಣೆಯಿಂದ ಸದರ್ನ್ ರೈಟ್ ತಿಮಿಂಗಿಲಗಳನ್ನು ನೋಡಬಹುದು. ಚಳಿಗಾಲದಲ್ಲಿ ಅವು ಅಂಟಾರ್ಕ್ಟಿಕ್ ಕಡೆಯಿಂದ ಬಂದು ಅಲೆಯ ಅಂಚಿನಲ್ಲೇ ಮರಿ ಹಾಕುತ್ತವೆ. ನೀವು ಹೋಗುವ ಹೊತ್ತಿಗೆ ಬಹುತೇಕ ಹೊರಟಿರುತ್ತವೆ, ತಡವಾಗಿ ಹೊರಡುವ ತಾಯಿ ಮರಿ ಸಿಕ್ಕರೆ ನಿಮ್ಮ ಪುಣ್ಯ. ಊರಿನ ಎದುರಿಗಿರುವ ಮಿಡಲ್ ಐಲ್ಯಾಂಡಿಗೆ ಹೋಗಲು ಬಿಡುವುದಿಲ್ಲ, ದಡದಿಂದಲೇ ನೋಡಿ. ಇಳಿತದ ಸಮಯದಲ್ಲಿ ನರಿಗಳು ದಾಟಿ ಹೋಗಿ ಅಲ್ಲಿನ ಪುಟ್ಟ ಪೆಂಗ್ವಿನ್‌ಗಳನ್ನು ತಿಂದು ಹತ್ತಕ್ಕಿಂತ ಕಡಿಮೆಗೆ ಇಳಿಸಿದ್ದವು. 2006ರಿಂದ ಕುರಿ ಕಾಯುವ ಮರೆಮ್ಮಾ ನಾಯಿಗಳನ್ನು ಪೆಂಗ್ವಿನ್ ಕಾಯಲು ಬಿಟ್ಟರು, ಹಕ್ಕಿಗಳ ಸಂಖ್ಯೆ ಮತ್ತೆ ಏರಿತು.

ಅಲ್ಲಿಂದ ಹದಿನೈದು ನಿಮಿಷ ಹೋದರೆ ಟವರ್ ಹಿಲ್. ಇಲ್ಲಿ ಅರ್ಧ ದಿನ ಇರಲೇಬೇಕು. ಮೂವತ್ತು ಸಾವಿರ ವರ್ಷಗಳಿಗೂ ಹಿಂದೆ ಸಿಡಿದ ಜ್ವಾಲಾಮುಖಿಯ ಬಾಯಿ ಇದು, ಈಗ ಕೆರೆ, ಕಾಡು ತುಂಬಿಕೊಂಡಿದೆ. ಇದರ ಬೂದಿಯ ಕೆಳಗೆ ಕಲ್ಲಿನ ಕೊಡಲಿಯೊಂದು ಸಿಕ್ಕಿದೆ. ಎಂದರೆ ಬೆಟ್ಟ ಸಿಡಿಯುವ ಮೊದಲೇ ಇಲ್ಲಿ ಮನುಷ್ಯರಿದ್ದರು. ಬಿಳಿಯರು ಬಂದ ಮೇಲೆ ಮರ ಕಡಿದು, ದನ ಬಿಟ್ಟು ಗುಡ್ಡವನ್ನು ಬೋಳಿಸಿದರು. 1892ರಲ್ಲಿ ಇದು ವಿಕ್ಟೋರಿಯಾದ ಮೊದಲ ರಾಷ್ಟ್ರೀಯ ಉದ್ಯಾನವಾದರೂ ನಾಶ ನಿಲ್ಲಲಿಲ್ಲ. ಕೊನೆಗೆ 1960ರ ದಶಕದಲ್ಲಿ ಮತ್ತೆ ಗಿಡ ನೆಡಲು ಹೊರಟಾಗ, ಮೊದಲು ಇಲ್ಲಿ ಯಾವ ಮರ ಎಲ್ಲಿತ್ತು ಎಂದು ತಿಳಿಯಲು ಅವರಿಗೆ ಒದಗಿದ್ದು ಒಂದು ಚಿತ್ರ: ಯೂಜಿನ್ ವಾನ್ ಗೆರಾರ್ಡ್ ಎಂಬ ಕಲಾವಿದ 1855ರಲ್ಲಿ ಬರೆದ ಟವರ್ ಹಿಲ್‌ನ ತೈಲವರ್ಣ. ಎಲೆ ಎಲೆಯನ್ನೂ ಅಷ್ಟು ನಿಖರವಾಗಿ ಬರೆದಿದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಮೂರು ಲಕ್ಷಕ್ಕೂ ಹೆಚ್ಚು ಗಿಡ ನೆಟ್ಟರು. ನೀವು ನೋಡುವ ಕಾಡು ಆ ಚಿತ್ರದಿಂದ ಎದ್ದು ಬಂದದ್ದು.

ಇಲ್ಲಿ ಎಮು ಹಕ್ಕಿಗಳು ಕಾರಿನ ಪಕ್ಕದಲ್ಲೇ ಓಡಾಡುತ್ತವೆ. ಮೈಮೇಲೆ ಕಂದು-ಕೆನೆ ಪಟ್ಟೆ ಇರುವ ಮರಿಗಳ ಹಿಂಡಿನ ಜೊತೆ ದೊಡ್ಡ ಹಕ್ಕಿಯೊಂದು ಕಂಡರೆ ಅದು ತಾಯಿಯಲ್ಲ, ತಂದೆ. ಹೆಣ್ಣು ಮೊಟ್ಟೆ ಇಟ್ಟು ಹೊರಟು ಹೋಗುತ್ತದೆ. ಗಂಡು ಸುಮಾರು ಎಂಟು ವಾರ ಹೆಚ್ಚುಕಡಿಮೆ ಉಪವಾಸ ಕೂತು ಕಾವು ಕೊಟ್ಟು, ಆಮೇಲೆ ತಿಂಗಳುಗಟ್ಟಲೆ ಮರಿಗಳನ್ನು ಮೇಯಿಸಿಕೊಂಡು ತಿರುಗುತ್ತದೆ. ತಿನ್ನಲು ಏನೂ ಕೊಡಬೇಡಿ, ಚಕ್ಕುಲಿಯನ್ನೂ ಕೊಡಬೇಡಿ. ವರ್ನ್ ಗುಂಡಿಜ್ ಎಂಬ ಮೂಲನಿವಾಸಿ ಸಹಕಾರ ಸಂಸ್ಥೆಯವರ ಜೊತೆ ನಡಿಗೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ, ಹೊರಡುವ ಮೊದಲು ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಕಾಲಿಗೆ ಮುಚ್ಚಿದ ಬೂಟು ಇರಲಿ, ಟೈಗರ್ ಹಾವುಗಳು ಬಿಸಿಲು ಕಾಯಿಸಲು ದಾರಿಗೆ ಬರುವ ಕಾಲ ಅದು.

ಆ ರಾತ್ರಿ ಪೋರ್ಟ್ ಫೇರಿಯಲ್ಲಿ ಉಳಿಯಿರಿ. ಕತ್ತಲಾಗುವ ಮುಂಚೆ ಗ್ರಿಫಿತ್ಸ್ ಐಲ್ಯಾಂಡಿಗೆ ನಡೆದು ಹೋಗಿ. ಸೇತುವೆಯಂಥ ಕಟ್ಟೆ ದಾಟಿದರೆ ದ್ವೀಪ, ಸಮತಟ್ಟು ದಾರಿ, ಮಂಡಿಗೆ ತೊಂದರೆಯಿಲ್ಲ. ಶಾರ್ಟ್-ಟೇಲ್ಡ್ ಶಿಯರ್‌ವಾಟರ್ ಎಂಬ ಕಪ್ಪು ಕಡಲಹಕ್ಕಿ ಅಲಾಸ್ಕಾ ಕಡೆಯ ಕಡಲಿನಿಂದ ಹದಿನೈದು ಸಾವಿರ ಕಿಲೋಮೀಟರ್ ಹಾರಿ ಪ್ರತಿ ವರ್ಷ ಸೆಪ್ಟೆಂಬರ್ 22ರ ಆಸುಪಾಸು, ಹೆಚ್ಚುಕಡಿಮೆ ಅದೇ ದಿನಗಳಲ್ಲಿ, ಇಲ್ಲಿಗೆ ಬಂದಿಳಿಯುತ್ತದೆ. ನೀವು ಬರುವಾಗ ಅವು ಬಂದು ವಾರ ಕಳೆದಿರುತ್ತದೆ. ಹಗಲೆಲ್ಲ ಸಮುದ್ರದಲ್ಲಿ. ಸೂರ್ಯ ಮುಳುಗಿ ಅರ್ಧ ಗಂಟೆಗೆ, ಇನ್ನೇನು ಬರುವುದಿಲ್ಲ ಎಂದುಕೊಳ್ಳುವಾಗ, ತಲೆಯ ಮೇಲೆ ಒಂದು ರೆಕ್ಕೆ ಸುಯ್ಯೆನ್ನುತ್ತದೆ. ಮತ್ತೊಂದು. ನಂತರ ಆಕಾಶ ತುಂಬ. ಗಾಳಿಯಲ್ಲಿ ಅಷ್ಟು ನಾಜೂಕಾಗಿ ಜಾರುವ ಹಕ್ಕಿಗೆ ನೆಲಕ್ಕಿಳಿಯಲು ಬರುವುದಿಲ್ಲ, ಪೊದೆಯ ಮೇಲೆ ದಪ್ಪನೆ ಬಿದ್ದು, ಎದ್ದು, ತೆವಳಿಕೊಂಡು ತನ್ನ ಹಳೆಯ ಬಿಲ ಹುಡುಕುತ್ತದೆ. ಬಿಲದೊಳಗಿಂದ ಜೋಡಿ ಹಕ್ಕಿ ಗೊಗ್ಗರು ದನಿಯಲ್ಲಿ ಕರೆಯುತ್ತದೆ. ಕಳೆದ ವರ್ಷ ಒಂದು ನನ್ನ ಬೂಟಿನ ಮೇಲೇ ಹತ್ತಿ ಇಳಿದು ಹೋಯಿತು, ಬೆಚ್ಚಗಿನ ಭಾರ ಕಾಲ್ಬೆರಳಿಗೆ ತಿಳಿಯಿತು. ದಾರಿ ಬಿಟ್ಟು ಹೆಜ್ಜೆ ಇಡಬೇಡಿ, ಕಾಲ ಕೆಳಗೆ ಬಿಲ ಕುಸಿಯುತ್ತದೆ. ಟಾರ್ಚಿಗೆ ಕೆಂಪು ಕಾಗದ ಸುತ್ತಿಕೊಳ್ಳಿ.

ಪೋರ್ಟ್ ಫೇರಿಯಿಂದ ಪಶ್ಚಿಮಕ್ಕೆ ಹೋಗುವಾಗ ಕಡಲಿನಲ್ಲಿ ಚಪ್ಪಟೆ ತಲೆಯ ಒಂದು ದ್ವೀಪ ಕಾಣುತ್ತದೆ. ನಕ್ಷೆಯಲ್ಲಿ ಲೇಡಿ ಜೂಲಿಯಾ ಪರ್ಸಿ, ಇಲ್ಲಿನವರಿಗೆ ಡೀನ್ ಮಾರ್. ಸತ್ತವರ ಆತ್ಮ ಅಲ್ಲಿಗೆ ದಾಟುತ್ತದೆ ಎಂದು ಗುಂಡಿಜ್‌ಮಾರರ ನಂಬಿಕೆ. ಇವತ್ತು ಅದು ಫರ್ ಸೀಲ್‌ಗಳ ದೊಡ್ಡ ತಾಣವೂ ಹೌದು. ಗಾಡಿ ನಿಲ್ಲಿಸಿ ದಡದಿಂದ ನೋಡಿದರೆ ಸಾಕು.

ಈಗ ಬುಜ್ ಬಿಮ್. ನಾಲ್ಕು ದಿನ ಬೇಕು ಎಂದು ನಾನು ಹಠ ಹಿಡಿದದ್ದು ಇದಕ್ಕಾಗಿ. ಸುಮಾರು 37,000 ವರ್ಷಗಳ ಹಿಂದೆ ಈ ಬೆಟ್ಟದಿಂದ ಹರಿದ ಲಾವಾ ಸಮುದ್ರದವರೆಗೂ ಹೋಗಿ ಹಳ್ಳಗಳಿಗೆ ಅಡ್ಡ ಕಟ್ಟಿತು, ಜೌಗು ಕೆರೆಗಳಾದವು. ಬೆಟ್ಟವೇ ತಮ್ಮ ಪೂರ್ವಜ, ಬುಜ್ ಬಿಮ್ ಎಂದರೆ ಎತ್ತರದ ತಲೆ ಎನ್ನುತ್ತಾರೆ ಗುಂಡಿಜ್‌ಮಾರರು. ಆ ಕಲ್ಲುಗಳನ್ನೇ ಬಳಸಿ ಅವರು ಕಾಲುವೆ ತೋಡಿದರು, ಒಡ್ಡು ಕಟ್ಟಿದರು, ಕೊಳಗಳನ್ನು ಮಾಡಿದರು. ಎಲ್ಲವೂ ಕುಯಾಂಗ್ ಎಂಬ ಹಾವುಮೀನಿಗಾಗಿ. ಮರಿ ಮೀನುಗಳನ್ನು ನೀರಿನ ಹರಿವಿನಲ್ಲಿ ಕೊಳಕ್ಕೆ ತಿರುಗಿಸಿ ವರ್ಷಗಟ್ಟಲೆ ಬೆಳೆಸುವುದು, ಬಲಿತದ್ದನ್ನು ಒಡ್ಡಿನ ಕಿಂಡಿಯಲ್ಲಿ ಹೆಣೆದ ಬುಟ್ಟಿ ಇಟ್ಟು ಹಿಡಿಯುವುದು. ನೀವು ಮಲೆನಾಡಿನವರು, ಮಳೆಗಾಲದ ಹತ್ತುಮೀನಿಗೆ ಗದ್ದೆಯ ತೂಬಿನಲ್ಲಿ ಇಡುವ ಕೂಣಿ ಗೊತ್ತಿರುತ್ತದೆ. ಬುಟ್ಟಿ ನೋಡಿದ ಕೂಡಲೇ ಅದರ ಕೆಲಸ ನಿಮಗೆ ಯಾರೂ ವಿವರಿಸಬೇಕಾಗುವುದಿಲ್ಲ. ಈ ಕಾಲುವೆಗಳಲ್ಲಿ ಹಳೆಯದ್ದಕ್ಕೆ 6,600 ವರ್ಷ ಎಂದು ಕಾಲನಿರ್ಣಯವಾಗಿದೆ. ಹಿಡಿದ ಮೀನನ್ನು ಟೊಳ್ಳು ಮರದೊಳಗೆ ಹೊಗೆಯಲ್ಲಿ ಒಣಗಿಸಿ ಕೂಡಿಡುತ್ತಿದ್ದರು. ಕೋಲಾ ಎಲೆ ತಿನ್ನುವ ಅದೇ ಮ್ಯಾನಾ ಗಮ್ ಮರ. ಪಕ್ಕದಲ್ಲಿ ಕಲ್ಲಿನ ಮನೆಗಳ ಅಡಿಪಾಯ ಇವೆ. ಮೂಲನಿವಾಸಿಗಳೆಂದರೆ ಅಲೆಮಾರಿಗಳು, ಬೇಸಾಯ ಗೊತ್ತಿಲ್ಲದವರು ಎಂದು ನಾವು ಪಠ್ಯಪುಸ್ತಕದಲ್ಲಿ ಓದಿದ್ದು ಇಲ್ಲಿ ನಿಲ್ಲುವುದಿಲ್ಲ. 2019ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಮೂಲನಿವಾಸಿ ಸಂಸ್ಕೃತಿಯೊಂದೇ ಕಾರಣಕ್ಕೆ ಆ ಪಟ್ಟಿ ಸೇರಿದ ಆಸ್ಟ್ರೇಲಿಯಾದ ಮೊದಲ ಜಾಗ ಇದು.

ಆ ಮೀನಿನ ಬದುಕೇ ಒಂದು ಅಚ್ಚರಿ. ಸಿಹಿನೀರಿನಲ್ಲಿ ಹತ್ತಾರು ವರ್ಷ ಬೆಳೆದು, ಒಂದು ಶರತ್ಕಾಲದ ಮಳೆಗೆ ಹೊಳೆಯಿಳಿದು ಸಮುದ್ರ ಸೇರಿ, ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ಈಜಿ ಉತ್ತರದ ಕೋರಲ್ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ. ಗಾಜಿನಂತೆ ಪಾರದರ್ಶಕವಾದ ಮರಿಗಳು ಪ್ರವಾಹದಲ್ಲಿ ತೇಲಿ ಮತ್ತೆ ಈ ದಡಕ್ಕೆ ಬರುತ್ತವೆ, ತಾವು ಎಂದೂ ಕಾಣದ ಹೊಳೆಗಳನ್ನು ಏರುತ್ತವೆ.

ಬಿಳಿಯರು ಬಂದ ಮೇಲೆ ಏನಾಯಿತು ಎನ್ನುವುದನ್ನೂ ಹೇಳಲೇಬೇಕು. ಪೋರ್ಟ್‌ಲ್ಯಾಂಡಿನ ಹತ್ತಿರ ಕನ್ವಿನ್ಸಿಂಗ್ ಗ್ರೌಂಡ್ ಎಂಬ ದಡವಿದೆ. 1830ರ ದಶಕದ ಮೊದಲ ವರ್ಷಗಳಲ್ಲಿ, ದಡಕ್ಕೆ ಬಂದು ಬಿದ್ದ ಒಂದು ತಿಮಿಂಗಿಲ ಯಾರದು ಎಂಬ ಜಗಳದಲ್ಲಿ ತಿಮಿಂಗಿಲ ಬೇಟೆಗಾರರು ಒಂದು ಕುಲದ ಬಹುತೇಕ ಎಲ್ಲರನ್ನೂ ಕೊಂದರು. 1840ರ ದಶಕದಲ್ಲಿ ಕುದುರೆ ಹೋಗಲಾಗದ ಈ ಲಾವಾ ಕಲ್ಲುಗಳ ನಡುವೆ ನಿಂತು ಗುಂಡಿಜ್‌ಮಾರರು ವರ್ಷಗಟ್ಟಲೆ ಹೋರಾಡಿದರು. 1867ರಲ್ಲಿ ಲೇಕ್ ಕಾಂಡಾ ಎಂಬ ಕ್ರೈಸ್ತ ಮಿಷನ್ ಆಯಿತು, ಉಳಿದವರನ್ನು ಅಲ್ಲಿ ಸೇರಿಸಿದರು. ಮೊದಲ ದಿನದ ಸೈನಿಕರ ರಸ್ತೆ ನೆನಪಿದೆಯಲ್ಲ? ಈ ಮಿಷನ್ನಿನ ಲವೆಟ್ ಮನೆತನದ ಐವರು ಅಣ್ಣತಮ್ಮಂದಿರು ಅದೇ ಮೊದಲ ಮಹಾಯುದ್ಧಕ್ಕೆ ಹೋಗಿ ಬದುಕಿ ಬಂದರು. ಅವರಲ್ಲಿ ಕೆಲವರು ಎರಡನೆಯದಕ್ಕೂ ಹೋದರು. ಯುದ್ಧ ಮುಗಿಸಿ ಬಂದವರಿಗೆಲ್ಲ ಸರ್ಕಾರ ಜಮೀನು ಹಂಚುವಾಗ ಹರ್ಬರ್ಟ್ ಲವೆಟ್ ಅರ್ಜಿ ಹಾಕಿದರು, ಸಿಗಲಿಲ್ಲ. ಅವರ ಮಿಷನ್ನಿನ ಜಮೀನನ್ನೇ ಬಿಳಿಯ ಸೈನಿಕರಿಗೆ ಹಂಚಿದರು. ಕರಾವಳಿಯ ಆ ಸುಂದರ ತಿರುವುಗಳನ್ನು ನಾನು ಈಗಲೂ ಇಷ್ಟಪಟ್ಟು ಓಡಿಸುತ್ತೇನೆ, ಕಮಾನಿನ ಕೆಳಗೆ ಹೋಗುವಾಗ ಈ ಐವರೂ ನೆನಪಾಗುತ್ತಾರೆ.

1980ರ ಸುಮಾರಿಗೆ ಪೋರ್ಟ್‌ಲ್ಯಾಂಡಿನಲ್ಲಿ ಅಲ್ಯೂಮಿನಿಯಂ ಕಾರ್ಖಾನೆ ಬರುವಾಗ ತಮ್ಮ ಪವಿತ್ರ ಕುರುಹುಗಳು ಹಾಳಾಗುತ್ತವೆಂದು ಸ್ಯಾಂಡ್ರಾ ಓನಸ್ ಮತ್ತು ಕ್ರಿಸ್ಟೀನಾ ಫ್ರಾಂಕ್‌ಲ್ಯಾಂಡ್ ಎಂಬ ಇಬ್ಬರು ಗುಂಡಿಜ್‌ಮಾರ ಹೆಂಗಸರು ಹೈಕೋರ್ಟಿಗೆ ಹೋದರು. ಆಸ್ಟ್ರೇಲಿಯಾದಲ್ಲಿ ಹೈಕೋರ್ಟ್ ಎಂದರೆ ಅತ್ಯುನ್ನತ ನ್ಯಾಯಾಲಯ. ದಾವೆ ಹೂಡುವ ಹಕ್ಕು ಅವರಿಗಿದೆ ಎಂದು 1981ರಲ್ಲಿ ತೀರ್ಪು ಬಂತು. ಅದರ ಫಲವಾಗಿ 1987ರಲ್ಲಿ ಮಿಷನ್ನಿನ ನೆಲ ಮರಳಿತು, 2007ರಲ್ಲಿ ಭೂಹಕ್ಕೂ ಬಂತು. ಬೇಸಾಯಕ್ಕೆಂದು ಬಸಿದು ಒಣಗಿಸಿದ್ದ ಕಾಂಡಾ ಕೆರೆಗೆ, ಅಂದರೆ ಟೇ ರಾಕ್‌ಗೆ, 2010ರಲ್ಲಿ ಒಡ್ಡು ಕಟ್ಟಿ ಮತ್ತೆ ನೀರು ನಿಲ್ಲಿಸಿದರು. ಇಂದು ಅದೇ ಕೆರೆಯ ದಂಡೆಯಲ್ಲಿ ಅವರೇ ನಡೆಸುವ ಮೀನುಸಾಕಣೆ ಕೇಂದ್ರವಿದೆ, ಕೆಫೆ ಇದೆ. ಮಾರ್ಗದರ್ಶಿಗಳು ಗುಂಡಿಜ್‌ಮಾರರೇ. ಅವರ ಪ್ರವಾಸವನ್ನು ಮುಂಚಿತವಾಗಿ ಕಾಯ್ದಿರಿಸಿ. ನೀವಾಗಿಯೇ ಹೋಗಿ ನೋಡಿದರೆ ಕಾಣುವುದು ಬರೀ ಪಾಚಿಗಟ್ಟಿದ ಕಪ್ಪು ಕಲ್ಲಿನ ರಾಶಿ. ಅವರು ಬಗ್ಗಿ, ‘ನೀರು ಹೀಗೆ ಬರುತ್ತಿತ್ತು’ ಎಂದು ಕೈಯಾಡಿಸಿದಾಗಲೇ ಆ ರಾಶಿ ಕಾಲುವೆಯಾಗುತ್ತದೆ. ಕಲ್ಲನ್ನು ಎತ್ತಬೇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ಜನರ ಫೋಟೊ ತೆಗೆಯುವ ಮೊದಲು ಕೇಳಿ.

ನೃತ್ಯದ ಬಗ್ಗೆ ಕೇಳಿದ್ದೀರಿ. ಟಿಕೆಟ್ ಕೊಟ್ಟು ನೋಡುವ ಪ್ರದರ್ಶನ ಹುಡುಕಿಕೊಂಡು ಹೋಗಬೇಡಿ ಎನ್ನುವುದು ನನ್ನ ಅಭಿಪ್ರಾಯ. ಡಿಜರಿಡೂ ಎಂಬ ಉದ್ದನೆಯ ಊದುವ ವಾದ್ಯ ಕೂಡ ಈ ಸೀಮೆಯದಲ್ಲ, ದೂರದ ಉತ್ತರದ್ದು. ಇಲ್ಲಿನವರ ಕಲೆ ಹುಲ್ಲಿನ ಹೆಣಿಗೆ ಮತ್ತು ಪಾಸಮ್ ಎಂಬ ಮರವಾಸಿ ಪ್ರಾಣಿಯ ತುಪ್ಪಳದ ಹೊದಿಕೆ. ಕಾನಿ ಹಾರ್ಟ್ ಎಂಬ ಗುಂಡಿಜ್‌ಮಾರ ಹಿರಿಯರಿಗೆ ಅವರ ತಾಯಿ ಹೆಣಿಗೆ ಕಲಿಸಲಿಲ್ಲ, ಇನ್ನು ಮುಂದೆ ಬಿಳಿಯರ ಬದುಕೇ ಬದುಕು ಎಂದು ಆಕೆಗೆ ಅನ್ನಿಸಿತ್ತು. ಹುಡುಗಿ ಕದ್ದು ನೋಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಕೈಗಳು ನೆನಪಿಟ್ಟದ್ದನ್ನು ನಂಬಿ ಮೊದಲ ಬುಟ್ಟಿ ಹೆಣೆದರು, ಆಮೇಲೆ ಎಷ್ಟೋ ಜನರಿಗೆ ಕಲಿಸಿದರು. ಇವತ್ತು ಕಾಣುವ ಹಾವುಮೀನಿನ ಬುಟ್ಟಿಗಳ ಹಿಂದೆ ಆ ಕೈಗಳಿವೆ. ಮನೆಗೆ ಏನಾದರೂ ಒಯ್ಯಬೇಕೆಂದರೆ ಮಾಡಿದವರ ಹೆಸರು, ಅವರ ಸಮುದಾಯದ ಹೆಸರು ಬರೆದಿರುವುದನ್ನೇ ಕೊಳ್ಳಿ. ಪೇಟೆಯ ಬೂಮರಾಂಗ್‌ಗಳಲ್ಲಿ ಹೆಚ್ಚಿನವು ಮೂಲನಿವಾಸಿಗಳ ಕೈ ಸೋಕದವು.

ಸಮಯ ಮಿಕ್ಕರೆ ಪೋರ್ಟ್‌ಲ್ಯಾಂಡಿನ ಪಾಯಿಂಟ್ ಡೇಂಜರ್‌ನಲ್ಲಿ ಗ್ಯಾನೆಟ್ ಹಕ್ಕಿಗಳ ಕಾಲೊನಿ ಇದೆ. ಕೇಪ್ ಬ್ರಿಡ್ಜ್‌ವಾಟರ್‌ನ ಸೀಲ್ ನಡಿಗೆ ಏರುದಾರಿ, ಹೋಗಿಬರಲು ಎರಡು ಗಂಟೆ ಬೇಕು. ನಿಮ್ಮ ಕಾಲು ಒಪ್ಪಿದರೆ ಮಾತ್ರ.

ಊಟದ ಚಿಂತೆ ಬೇಡ. ಊರೂರಿಗೂ ಸೂಪರ್‌ಮಾರ್ಕೆಟ್ ಇದೆ, ಅಡುಗೆಮನೆ ಇರುವ ಕೋಣೆಯನ್ನೇ ಹಿಡಿಯಿರಿ. ಮಗಳ ಮನೆಯಿಂದ ಒಂದು ಪುಟ್ಟ ಕುಕ್ಕರ್, ಪುಳಿಯೋಗರೆ ಗೊಜ್ಜು ತಂದರೆ ರಾತ್ರಿಯೂಟ ಆಯಿತು. ಟೇ ರಾಕ್ ಕೆಫೆಯಲ್ಲಿ ಹೊಗೆಯಾಡಿಸಿದ ಕುಯಾಂಗ್ ಕೊಡಲು ಬಂದರೆ ‘ನಾವು ಮೀನು ತಿನ್ನುವುದಿಲ್ಲ’ ಎಂದು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಅಕ್ಟೋಬರ್ ವಸಂತವೆಂದರೂ ಕಡಲ ಗಾಳಿ ಮೂಳೆ ಹೊಗುತ್ತದೆ, ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್ ಇರಲಿ.

ಡ್ರೈವಿಂಗ್ ನಮ್ಮಂತೆಯೇ ಎಡಗಡೆ. ಇಂಗ್ಲಿಷ್‌ನಲ್ಲಿರುವ ನಮ್ಮ ಲೈಸೆನ್ಸ್ ನಡೆಯುತ್ತದೆ, ಬಾಡಿಗೆ ಕಾರಿನವರು ಅಂತರರಾಷ್ಟ್ರೀಯ ಪರ್ಮಿಟ್ ಕೇಳಿದರೆ ತೋರಿಸಲು ಅದನ್ನೂ ಮಾಡಿಸಿಕೊಳ್ಳಿ. ಹಿಂದೆ ವಾಹನ ಸಾಲುಗಟ್ಟಿದರೆ ಪಕ್ಕಕ್ಕೆ ನಿಲ್ಲಿಸಿ ಬಿಟ್ಟುಕೊಡಿ. ಕಾಂಗರೂ, ಅದೇ ಜಾತಿಯ ಪುಟ್ಟ ವಾಲಬಿಗಳು ರಸ್ತೆಗೆ ಬರುವುದು ಮುಂಜಾವು, ಮುಸ್ಸಂಜೆಯಲ್ಲಿ. ಅಡ್ಡ ಬಂದರೆ ಬ್ರೇಕ್ ಹಾಕಿ, ಸ್ಟೀರಿಂಗ್ ತಿರುಗಿಸಬೇಡಿ. ಅಕಸ್ಮಾತ್ ಪ್ರಾಣಿಗೆ ಪೆಟ್ಟಾದರೆ ಗಾಡಿಯನ್ನು ಸುರಕ್ಷಿತವಾಗಿ ನಿಲ್ಲಿಸಿ ವೈಲ್ಡ್‌ಲೈಫ್ ವಿಕ್ಟೋರಿಯಾ ಎಂಬ ಪ್ರಾಣಿ ರಕ್ಷಣಾ ಸಂಸ್ಥೆಗೆ ಫೋನ್ ಮಾಡಿ. ತಾಯಿ ಸತ್ತಿದ್ದರೂ ಚೀಲದಲ್ಲಿ ಮರಿ ಬದುಕಿರುವುದುಂಟು. ಪೋರ್ಟ್‌ಲ್ಯಾಂಡಿನಿಂದ ಮೆಲ್ಬರ್ನ್‌ಗೆ ಒಳನಾಡಿನ ಪ್ರಿನ್ಸಸ್ ಹೈವೇಯಲ್ಲಿ ಸುಮಾರು 360 ಕಿ.ಮೀ., ನಾಲ್ಕೂವರೆ ಗಂಟೆಯ ದಾರಿ. ನಾಲ್ಕನೇ ದಿನ ಮಧ್ಯಾಹ್ನ ಒಂದರೊಳಗೆ ಹೊರಟುಬಿಡಿ, ಬೆಳಕಿರುವಾಗಲೇ ಮಗಳ ಮನೆ ಸೇರುತ್ತೀರಿ.